ಪಾರ್ಟಿಯ ಮರುದಿನ ಥೇಟ್ ಜ್ವರ, ಥರ್ಮಾಮೀಟರ್‌ನಲ್ಲಿ ಮಾತ್ರ ಏನೂ ಇಲ್ಲ. ಸಿಆರ್‌ಪಿ ಜಾಸ್ತಿ ಬಂದಿದೆ, ಯಾಕೆ?

ನಿದ್ದೆಗಣ್ಣು | ಭಾನುವಾರ ಬೆಳಗ್ಗೆ 11:20

ಶುಕ್ರವಾರ ರಾತ್ರಿ ಟೀಮಿನವನೊಬ್ಬನ ಸೆಂಡಾಫ್ ಇತ್ತು. ಕೂತಿದ್ದು ಒಂಬತ್ತಕ್ಕೆ, ಎದ್ದಿದ್ದು ಒಂದಕ್ಕೆ. ವಿಸ್ಕಿ. ಒಂದು ಕ್ವಾರ್ಟರ್, ಅದರ ಮೇಲೆ ಒಂದು ನೈಂಟಿ. ಶನಿವಾರ ಬೆಳಗ್ಗೆ ಎಂಟಕ್ಕೆ ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್ ಇದೆ ಅನ್ನೋದೇ ಮರೆತುಹೋಗಿತ್ತು. ಅಲಾರಂ ಹೊಡೆದಾಗ ನೆನಪಾಗಿ, ಖಾಲಿ ಹೊಟ್ಟೇಲಿ ಸ್ಕೂಟರ್ ಹತ್ತಿ ಹೋಗಿ ರಕ್ತ ಕೊಟ್ಟು ಬಂದೆ.

ತಲೆನೋವು ಬಿಡಿ, ಅದು ಗೊತ್ತಿದ್ದದ್ದೇ. ಮಧ್ಯಾಹ್ನದ ಹೊತ್ತಿಗೆ ಮೈಕೈ ನೋವು, ಚಳಿ ಚಳಿ, ಊಟ ಬೇಡ, ಬೆಳಕು ಬೇಡ, ಯಾರ ಜೊತೆಗೂ ಮಾತು ಬೇಡ. ಥೇಟ್ ವೈರಲ್ ಜ್ವರ. ಥರ್ಮಾಮೀಟರ್ ಇಟ್ಟರೆ 98.2. ಇವತ್ತು ರಿಪೋರ್ಟ್ ಬಂತು: ಸಿಆರ್‌ಪಿ ಅನ್ನೋ ಪ್ರೋಟೀನು ಲೀಟರಿಗೆ 7.1 ಮಿಲಿಗ್ರಾಂ, ಪಕ್ಕದಲ್ಲಿ ಕೆಂಪು ಬಾಣ. ಮೈಯಲ್ಲಿ ಉರಿಯೂತ ಇದ್ದರೆ ಹೀಗೆ ಏರುತ್ತೆ ಅಂತ ಓದಿದೆ. ಹ್ಯಾಂಗೋವರ್‌ಗೂ ಇಮ್ಯೂನಿಟಿಗೂ ಏನಾದರೂ ಸಂಬಂಧ ಇದೆಯಾ? ರೂಂಮೇಟ್ ಹೇಳ್ತಾನೆ, "ನಿನ್ನ ಇಮ್ಯೂನಿಟಿ ಸ್ಟ್ರಾಂಗ್ ಇದೆ ಮಗಾ, ಅದಕ್ಕೇ ಎಣ್ಣೆ ಜೊತೆ ಫೈಟ್ ಮಾಡ್ತಿದೆ" ಅಂತ.

ಮಂಡ್ಯದ ಮಗ | 11:34

ನೀರು ಕುಡೀದೆ ಮಲಗಿದ್ದೀಯ ಕಣ್ಲಾ, ಅಷ್ಟೇಯ. ಮಗ್ಗುಲಲ್ಲಿ ಒಂದ್ ಚೊಂಬು ನೀರು ಮಡಿಕ್ಕಂಡು ಮಲಗಬೇಕು. ಇದಕ್ಕೆಲ್ಲಾ ಬ್ಲಡ್ ಟೆಸ್ಟ್ ಯಾಕ್ಲಾ ಬೇಕು?

ಧಾರವಾಡ ಪೇಡೆ | 11:51

ತಮ್ಮಾ, ನಲವತ್ತ ವರ್ಷದಾಗ ನಾನೂ ಸಾಕಷ್ಟು ನೋಡೇನಿ. ಮುಂಜಾನೆ ಎದ್ದ ಕೂಡ್ಲೆ ಹುಳಿ ಮಜ್ಜಗಿ, ಉಪ್ಪು ಮುಂದ ಹಾಕಿ, ಒಂದ ತಂಬಗಿ. ಮಧ್ಯಾಹ್ನಕ್ಕ ಹುಳ್ಳಿ ಕಟ್ಟಿನ ಸಾರು. ಹೊಟ್ಟಿ ಹೇಳ್ತದ ನೋಡು ಆಮ್ಯಾಲ, ಏನಾಗಿತ್ತು ಅಂತ.

ಲ್ಯಾಬ್ ಅಕ್ಕ | ಮಧ್ಯಾಹ್ನ 1:15

ನಿದ್ದೆಗಣ್ಣು, ನೀನು ಕೇಳಿದ ಪ್ರಶ್ನೆ ನನ್ನ ಪಾಠದ್ದೇ (ಇಮ್ಯುನಾಲಜಿ ಓದಿ ಈಗ ಪರೀಕ್ಷಾಲಯವೊಂದರಲ್ಲಿ ಹೊಟ್ಟೆ ಹೊರೆಯುತ್ತಿದ್ದೇನೆ). ಸ್ವಲ್ಪ ಉದ್ದ ಬರೀತೀನಿ, ಬೇಜಾರಾದವರು ಮಜ್ಜಿಗೆ ಕುಡೀತಾ ಓದಿ.

ಮೊದಲು ಮಂಡ್ಯದವರಿಗೆ. ಮದ್ಯ ಕುಡಿದಾಗ ವ್ಯಾಸೊಪ್ರೆಸಿನ್ ಅನ್ನೋ ಹಾರ್ಮೋನು ತಗ್ಗುತ್ತೆ. ನೀರನ್ನು ಹಿಡಿದಿಟ್ಟುಕೋ ಅಂತ ಮೂತ್ರಪಿಂಡಕ್ಕೆ ಹೇಳೋದು ಅದೇ. ಹೇಳುವವರಿಲ್ಲದಿದ್ದರೆ ಗಳಿಗೆಗೊಮ್ಮೆ ಬಾತ್‌ರೂಮು. ಬಾಯಾರಿಕೆ, ಒಣ ನಾಲಿಗೆ ಅದರಿಂದ ಬಂದದ್ದು, ನಿಜ. ಆದರೆ ನೀರು ಕುಡಿದರೆ ಬಾಯಾರಿಕೆ ಅರ್ಧ ಗಂಟೆಯಲ್ಲಿ ಹೋಗುತ್ತೆ, ತಲೆನೋವು, ಸುಸ್ತು, ವಾಕರಿಕೆ ಅಲ್ಲೇ ಇರುತ್ತವೆ. ಎರಡೂ ಒಂದೇ ರಾತ್ರಿಯಲ್ಲಿ ಬಂದ ಬೇರೆ ಬೇರೆ ನೆಂಟರು. ಹಾಗಂತ ನೀರು ಬಿಡಬೇಡಿ.

ಎರಡನೇ ಹಳೇ ಆರೋಪಿ ಅಸಿಟಾಲ್ಡಿಹೈಡ್. ಲಿವರ್ ಮದ್ಯವನ್ನು ಒಡೆಯುವಾಗ ನಡುವೆ ಹುಟ್ಟುವ ವಿಷ ಅದು. ಆದರೆ ಹ್ಯಾಂಗೋವರ್ ಜೋರಾಗೋದು ರಕ್ತದಲ್ಲಿ ಮದ್ಯ ಸೊನ್ನೆಯ ಹತ್ತಿರ ಬಂದಾಗ. ಆ ಹೊತ್ತಿಗೆ ಅಸಿಟಾಲ್ಡಿಹೈಡ್ ಕೂಡ ಬಹುಮಟ್ಟಿಗೆ ಖಾಲಿ. ಕಳ್ಳ ಹೋದ ಮೇಲೆ ಮನೆಯಲ್ಲಿ ಗದ್ದಲ ಮಾಡ್ತಾ ಇರೋದು ಯಾರು ಹಾಗಾದರೆ?

ಇಲ್ಲಿ ಬರುತ್ತೆ ರೋಗನಿರೋಧಕ ವ್ಯವಸ್ಥೆ. ಕರುಳಿನ ಒಳಗೋಡೆ ಅಂದರೆ ಕೋಶಗಳ ಒಂದೇ ಒಂದು ಸಾಲು. ಆ ಕಡೆ ಕೋಟ್ಯಂತರ ಬ್ಯಾಕ್ಟೀರಿಯಾ, ಈ ಕಡೆ ರಕ್ತ. ಒಮ್ಮೆಲೇ ಜಾಸ್ತಿ ಮದ್ಯ ಬಿದ್ದರೆ ಆ ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತೆ. ಬ್ಯಾಕ್ಟೀರಿಯಾದ ಹೊರಪದರದ ಚೂರುಗಳು ರಕ್ತಕ್ಕೆ ಸೋರುತ್ತವೆ. ಎಂಡೋಟಾಕ್ಸಿನ್ ಅನ್ನೋದು ಇದಕ್ಕೇ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 25 ಆರೋಗ್ಯವಂತರಿಗೆ ಕುಡಿಸಿ, ಒಂದೇ ಸಲ ಹೀಗೆ ಕುಡಿದರೂ ರಕ್ತದಲ್ಲಿ ಎಂಡೋಟಾಕ್ಸಿನ್ನೂ ಬ್ಯಾಕ್ಟೀರಿಯಾದ ಡಿಎನ್‌ಎಯೂ ಏರುತ್ತೆ ಅಂತ 2014ರಲ್ಲಿ ಪ್ರಕಟಿಸಿದರು. ಹೆಂಗಸರಲ್ಲಿ ಇನ್ನೂ ಜಾಸ್ತಿ.

ಈ ಚೂರುಗಳನ್ನು ಕಂಡ ಬಿಳಿ ರಕ್ತಕಣಗಳಿಗೆ, ಲಿವರಿನೊಳಗೆ ಕಾವಲಿಗಿರುವ ಕುಪ್ಫರ್ ಕೋಶಗಳಿಗೆ ಏನು ಗೊತ್ತು, ನಿನ್ನ ಸ್ನೇಹಿತನ ಸೆಂಡಾಫ್ ಅಂತ? ಬ್ಯಾಕ್ಟೀರಿಯಾ ನುಗ್ಗಿತು ಅಂದುಕೊಂಡು ಸೈಟೊಕೈನ್ ಬಿಡುತ್ತವೆ. ಸೈಟೊಕೈನ್ ಅಂದರೆ ಕೋಶದಿಂದ ಕೋಶಕ್ಕೆ ಓಡುವ ಸುದ್ದಿ. ಮಿದುಳಿಗೆ ಆ ಸುದ್ದಿ ಮುಟ್ಟಿದರೆ ಅದು ಒಂದೇ ಅಪ್ಪಣೆ ಕೊಡುತ್ತೆ: ಮಲಗು, ತಿನ್ನಬೇಡ, ಯಾರ ಹತ್ತಿರವೂ ಹೋಗಬೇಡ, ಶಕ್ತಿ ಉಳಿಸು. ಜ್ವರ ಬಂದಾಗಲೂ ಇದೇ ಅಪ್ಪಣೆ. ಕೋವಿಡ್ ಲಸಿಕೆ ಹಾಕಿಸಿಕೊಂಡ ಮರುದಿನ ಹೇಗಿತ್ತು ನೆನಪಿದೆಯಾ? ಸೋಂಕೇ ಇರಲಿಲ್ಲ, ಆದರೂ ಮೈ ಮುರಿದುಹೋಗಿತ್ತು. ನೋವು ಕೊಟ್ಟದ್ದು ರೋಗಾಣು ಅಲ್ಲ, ನಮ್ಮದೇ ಕಾವಲುಪಡೆಯ ಗಲಾಟೆ.

ಸಂಶಯಪ್ಪ | 1:48

ಕಥೆ ಚೆನ್ನಾಗಿದೆ ಅಕ್ಕ. ಸೈಟೊಕೈನ್ ಏರಿತ್ತು, ಹ್ಯಾಂಗೋವರ್ ಇತ್ತು, ಸರಿ. ಕೋಳಿ ಕೂಗಿತು, ಬೆಳಗಾಯಿತು. ಕೋಳಿಯಿಂದಲೇ ಬೆಳಗಾಯಿತು ಅನ್ನೋದಕ್ಕೆ ಏನು ಆಧಾರ?

ಲ್ಯಾಬ್ ಅಕ್ಕ | 2:20

ಕೇಳಬೇಕಾದ ಪ್ರಶ್ನೆಯೇ. ಆಧಾರ ಮೂರು ಕಡೆಯಿಂದ ಬರುತ್ತೆ, ಮೂರೂ ಅರೆಬರೆ.

2003ರಲ್ಲಿ ಕೊರಿಯಾದವರು 20 ಗಂಡಸರಿಗೆ ಕೆಜಿ ತೂಕಕ್ಕೆ 1.5 ಗ್ರಾಂ ಲೆಕ್ಕದಲ್ಲಿ ಮದ್ಯ ಕೊಟ್ಟರು. 13 ಗಂಟೆ ಬಿಟ್ಟು ರಕ್ತ ತೆಗೆದು ನೋಡಿದರೆ, ಅದರ ಬಿಳಿಕಣಗಳು ಇಂಟರ್‌ಲ್ಯೂಕಿನ್-10, ಇಂಟರ್‌ಲ್ಯೂಕಿನ್-12, ಇಂಟರ್‌ಫೆರಾನ್-ಗಾಮಾ ಅನ್ನೋ ಮೂರು ಸೈಟೊಕೈನ್‌ಗಳನ್ನೂ ಮಾಮೂಲಿಗಿಂತ ಜಾಸ್ತಿ ಉತ್ಪಾದಿಸುತ್ತಿದ್ದವು. ಇದು ನಿನ್ನ ಕೋಳಿ. ಜೊತೆಗಿತ್ತು, ಅಷ್ಟೇ.

ಎರಡನೆಯದು ಇದಕ್ಕಿಂತ ಗಟ್ಟಿ. ಹೆಪಟೈಟಿಸ್ ಸಿ ರೋಗಕ್ಕೆ ಈಗಿನ ಮಾತ್ರೆಗಳು ಬರೋ ಮುಂಚೆ ಇಂಟರ್‌ಫೆರಾನ್ ಆಲ್ಫಾ ಇಂಜೆಕ್ಷನ್ ಕೊಡ್ತಿದ್ದರು. ಅದು ಸೈಟೊಕೈನೇ. ಚುಚ್ಚಿಸಿಕೊಂಡವರಿಗೆ ಮೈಕೈ ನೋವು, ಚಳಿ, ಸುಸ್ತು, ಮಂಕು. ಹನಿ ಮದ್ಯ ಮುಟ್ಟದೆ. ಸೈಟೊಕೈನ್ ಒಂದೇ ಸಾಕು ಮನುಷ್ಯನನ್ನು ಮಲಗಿಸೋಕೆ ಅಂತ ಇದರಿಂದ ಗೊತ್ತಾಗುತ್ತೆ.

ಮೂರನೆಯದು, ಆ ದಾರಿಗೆ ಅಡ್ಡ ನಿಂತರೆ ಏನಾಗುತ್ತೆ ಅಂತ ನೋಡಿದವರದು. 1983ರಲ್ಲಿ ಫಿನ್ಲೆಂಡಿನಲ್ಲಿ 30 ಜನರ ಮೇಲೆ ಟಾಲ್ಫೆನಾಮಿಕ್ ಆಸಿಡ್ ಪ್ರಯೋಗ ಮಾಡಿದರು. ಮೈಗ್ರೇನಿಗೆ ಕೊಡುವ ಮಾತ್ರೆ ಅದು, ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತೆ. ಸೈಟೊಕೈನಿನ ಸುದ್ದಿಯನ್ನು ನೋವಾಗಿ, ಚಳಿಯಾಗಿ ಮಾಡುವ ಕೆಲಸದಲ್ಲಿ ಪ್ರೋಸ್ಟಗ್ಲಾಂಡಿನ್ನಿನದು ದೊಡ್ಡ ಪಾಲು. ಮಾತ್ರೆ ತಗೊಂಡವರಿಗೆ ತಲೆನೋವು, ವಾಕರಿಕೆ ಕಮ್ಮಿಯಾಗಿತ್ತು. ಆಮೇಲೆ 2004ರಲ್ಲಿ ನ್ಯೂ ಆರ್ಲಿಯನ್ಸ್‌ನ ಟ್ಯುಲೇನ್ ವಿಶ್ವವಿದ್ಯಾಲಯದವರು 64 ಜನರಿಗೆ ಪಾಪಾಸುಕಳ್ಳಿಯ ಸಾರವನ್ನು ಕುಡಿಯೋಕೆ ಐದು ಗಂಟೆ ಮುಂಚೆ ಕೊಟ್ಟರು. ವಾಕರಿಕೆ, ಬಾಯಿ ಒಣಗುವುದು, ಊಟ ಸೇರದಿರುವುದು ತಗ್ಗಿತು. ಹೋಲಿಕೆಗೆ ಅಂತ ಕೊಟ್ಟ ಸುಳ್ಳು ಮಾತ್ರೆ ತಿಂದವರಲ್ಲಿ ಸಿಆರ್‌ಪಿ ಮರುದಿನ, ಸಾರ ತಗೊಂಡವರಿಗಿಂತ ಶೇ 40ರಷ್ಟು ಹೆಚ್ಚು. ಸಿಆರ್‌ಪಿ ಜಾಸ್ತಿ ಇದ್ದವರಿಗೆ ಹ್ಯಾಂಗೋವರೂ ಜೋರು.

ಧಾರವಾಡ ಪೇಡೆ | 2:41

ಅಯ್ಯ, ಡಬಗಳ್ಳಿ ಏನವಾ! ನಮ್ಮ ಹೊಲದ ಬದುವಿನ್ಯಾಗ ಬೇಕಾದಷ್ಟು ಬೆಳದೈತಿ. ಸಣ್ಣಾವಿದ್ದಾಗ ಕೆಂಪು ಹಣ್ಣು ತಿಂದು ನಾಲಿಗಿ ತುಂಬ ಮುಳ್ಳ ಮಾಡ್ಕೊಂತಿದ್ವಿ. ಮೂಟಿಲೆ ಕಳಸ್ಲೇನು ಬೆಂಗಳೂರಿಗೆ?

ಲ್ಯಾಬ್ ಅಕ್ಕ | 2:44

ಬೇಡ ಕಾಕಾ. ಅದು ಹಣ್ಣಿನ ಸಿಪ್ಪೆಯಿಂದ ತೆಗೆದ ಸಾರ, ಬದುವಿನ ಮುಳ್ಳಲ್ಲ. ತಲೆನೋವಿಗೆ ಅದೂ ಹೇಳಿಕೊಳ್ಳುವಂಥ ಕೆಲಸ ಮಾಡಲಿಲ್ಲ.

ರಾತ್ರಿ ಪಾಳಿ | ಸಂಜೆ 4:05

ನಾನು ಡ್ಯೂಟಿ ಡಾಕ್ಟರ್. ಎಲ್ಲರೂ ಸೈಟೊಕೈನ್ ಬಗ್ಗೆ ಮಾತಾಡ್ತಿದ್ದೀರಿ, ನನ್ನ ಕಣ್ಣಿಗೆ ಬಿದ್ದದ್ದು "ಸ್ಕೂಟರ್" ಅನ್ನೋ ಪದ.

ಲೆಕ್ಕ ಹಾಕೋಣ. ನಮ್ಮ ವಿಸ್ಕಿಯಲ್ಲಿ ಮದ್ಯದ ಪಾಲು ಶೇ 42.8. 180 ಕೂಡಿಸು 90, ಅಂದರೆ 270 ಎಂಎಲ್. ಅದರಲ್ಲಿ ಶುದ್ಧ ಮದ್ಯ ಸುಮಾರು 91 ಗ್ರಾಂ. ನಿಮ್ಮ ತೂಕ ಎಷ್ಟು?

ನಿದ್ದೆಗಣ್ಣು | 4:11

62 ಕೆಜಿ ಸರ್. ಯಾಕೆ?

ರಾತ್ರಿ ಪಾಳಿ | 4:26

ಹಾಗಾದರೆ ಕೆಜಿಗೆ ಹತ್ತಿರ ಹತ್ತಿರ 1.5 ಗ್ರಾಂ. ಅಕ್ಕ ಹೇಳಿದ ಕೊರಿಯಾ ಪ್ರಯೋಗದ ಅಳತೆಯನ್ನೇ ಗೊತ್ತಿಲ್ಲದೆ ನೀವು ಮನೆಯ ಹತ್ತಿರದ ಬಾರಿನಲ್ಲಿ ಮಾಡಿದ್ದೀರಿ! ಅಷ್ಟೂ ರಕ್ತಕ್ಕೆ ಸೇರಿದರೆ 100 ಎಂಎಲ್‌ಗೆ 200 ಮಿಲಿಗ್ರಾಂ ಮೀರುತ್ತೆ. ಗಂಟೆಗೆ ಇಳಿಯೋದು ಸುಮಾರು 15. ಒಂಬತ್ತಕ್ಕೆ ಶುರುಮಾಡಿ ಎಂಟಕ್ಕೆ ಸ್ಕೂಟರ್ ಹತ್ತಿದಿರಿ, 11 ಗಂಟೆ. ಇಳಿದದ್ದು 165. ಅಂದರೆ ಬೆಳಗ್ಗೆ ಎಂಟಕ್ಕೂ ಸುಮಾರು 50 ಉಳಿದಿತ್ತು. ಮೋಟಾರು ವಾಹನ ಕಾಯ್ದೆಯ ಮಿತಿ 30. "ರಾತ್ರಿ ಕುಡಿದದ್ದು, ಬೆಳಗ್ಗೆ ಅಲ್ಲ" ಅಂದರೆ ಯಂತ್ರಕ್ಕೆ ಅರ್ಥವಾಗಲ್ಲ. ಇದು ಅಂದಾಜು, ಮೈಯಿಂದ ಮೈಗೆ ವ್ಯತ್ಯಾಸ ಇರುತ್ತೆ, ಆದರೂ ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಆದ ಮೇಲೆ ಜಾಸ್ತಿ ಆಯ್ತು ಅಂದಿರಲ್ಲ, ಅದೂ ಈ ಲೆಕ್ಕಕ್ಕೆ ಸರಿಹೋಗುತ್ತೆ. ಸೊನ್ನೆಗೆ ಬಂದದ್ದೇ ಆಗ.

ನಿದ್ದೆಗಣ್ಣು | 4:30

ಅಯ್ಯೋ. ಸಿಗ್ನಲ್‌ನಲ್ಲಿ ಪೊಲೀಸರ ಪಕ್ಕವೇ ನಿಂತಿದ್ದೆ ಸರ್.

ಕುಡ್ಲದ ಮೀನು | 5:02

ಮಾರಾಯ್ರೆ, ನನಗೆ ಒಂದು ಡೌಟು ಉಂಟು. ಬೀರಿನ ಮೇಲೆ ವಿಸ್ಕಿ ಹಾಕಿದ್ರೆ ಮರುದಿನ ಸತ್ತೇ ಹೋದ ಹಾಗೆ ಆಗ್ತದೆ ಅಂತ ಹೇಳ್ತಾರಲ್ಲ, ಅದು ಎಂತ ಕಥೆ? ಮತ್ತೆ ನನ್ನ ಭಾವ ಉಂಟು, ಎಷ್ಟು ಕುಡಿದ್ರೂ ಮರುದಿನ ಆರಕ್ಕೆ ಎದ್ದು ಮೀನು ಮಾರ್ಕೆಟಿಗೆ ಹೋಗ್ತಾನೆ. ಅವನಿಗೆ ಇಮ್ಯೂನಿಟಿಯೇ ಇಲ್ವಾ ಹಾಗಾದ್ರೆ?

ಲ್ಯಾಬ್ ಅಕ್ಕ | 5:40

ಬೀರು-ವಿಸ್ಕಿ ಜೋಡಿಯ ಬಗ್ಗೆ ಹೇಳಲಾರೆ, ಬೀರು-ವೈನ್ ಜೋಡಿಯನ್ನು ಜರ್ಮನಿಯವರು 90 ಜನರ ಮೇಲೆ ನೋಡಿದರು, 2019ರಲ್ಲಿ ಪ್ರಕಟವಾಯ್ತು. ಯಾವುದು ಮೊದಲು ಯಾವುದು ಆಮೇಲೆ ಅನ್ನೋದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಅಮಲೇರಿದೆ ಅಂತ ಅವರವರಿಗೇ ಅನ್ನಿಸಿದ್ದು, ವಾಂತಿ ಆದದ್ದು, ಇವೆರಡರಿಂದ ಮಾತ್ರ ನಾಳೆಯ ಪಾಡು ಅಂದಾಜು ಸಿಕ್ಕಿತು. ಬಣ್ಣದ ಮದ್ಯದ ವಿಷಯ ಬೇರೆ. ಬೂರ್ಬನ್ ವಿಸ್ಕಿಯಲ್ಲಿ ವೋಡ್ಕಾಕ್ಕಿಂತ 37 ಪಟ್ಟು ಹೆಚ್ಚು ಇತರೆ ರಾಸಾಯನಿಕ ಇರುತ್ತೆ. ಅಮೆರಿಕದಲ್ಲಿ 95 ಜನರಲ್ಲಿ ಕೆಲವರಿಗೆ ಬೂರ್ಬನ್, ಉಳಿದವರಿಗೆ ವೋಡ್ಕಾ ಕೊಟ್ಟು ನೋಡಿದಾಗ ಬೂರ್ಬನ್ನಿನ ಹ್ಯಾಂಗೋವರ್ ಜೋರಾಗಿತ್ತು. ತಮಾಷೆ ಏನಂದರೆ, ಮರುದಿನ ಪರೀಕ್ಷೆಯಲ್ಲಿ ತಪ್ಪು ಮಾಡೋದರಲ್ಲಿ ಎರಡೂ ಗುಂಪು ಸಮಸಮ.

ನಿಮ್ಮ ಭಾವನ ವಿಷಯ. ಹ್ಯಾಂಗೋವರ್ರೇ ಬರಲ್ಲ ಅನ್ನುವವರು ಹತ್ತರಲ್ಲಿ ಒಬ್ಬಿಬ್ಬರು ಸಿಗ್ತಾರೆ, ಎಷ್ಟು ಕುಡಿದರು ಅಂತ ಕೂತು ಲೆಕ್ಕ ಹಾಕಿದರೆ ಅವರಲ್ಲೂ ಕೆಲವರು ಜಾರಿಕೊಳ್ತಾರೆ. ಹ್ಯಾಂಗೋವರ್ ಬರೋದು ಬಲವಾದ ಇಮ್ಯೂನಿಟಿಯ ಗುರುತು ಅಂತ ಮೇಲಿನ ರೂಂಮೇಟ್ ಹೇಳಿದ್ದು ತಪ್ಪು, ಬರದಿದ್ದರೆ ಇಮ್ಯೂನಿಟಿ ಇಲ್ಲ ಅನ್ನೋದೂ ತಪ್ಪು. ಬೆಂಕಿಯೇ ಇಲ್ಲದೆ ಗಂಟೆ ಹೊಡೆದುಕೊಂಡರೆ ಆ ಗಂಟೆಯನ್ನು ಗಟ್ಟಿ ಅಂತ ಹೊಗಳ್ತೀವಾ?

ಅದಕ್ಕಿಂತ ಮುಖ್ಯ, ಆ ಗಲಾಟೆಯ ಹಿಂದೆಯೇ ಕಾವಲು ಸಡಿಲವಾಗುತ್ತೆ. 2015ರಲ್ಲಿ 15 ಜನರಿಗೆ ನಾಲ್ಕೈದು ಶಾಟ್ ವೋಡ್ಕಾ ಕೊಟ್ಟು ನೋಡಿದ್ದಾರೆ. ಅಮಲೇರಿದ 20 ನಿಮಿಷಕ್ಕೆ ರಕ್ತದಲ್ಲಿ ಕಾವಲು ಕೋಶಗಳು ಜಾಸ್ತಿ. ಎರಡು ಗಂಟೆಗೆ, ಐದು ಗಂಟೆಗೆ ನೋಡಿದರೆ ಮಾನೊಸೈಟ್, ನ್ಯಾಚುರಲ್ ಕಿಲ್ಲರ್ ಅನ್ನೋ ಕಾವಲು ಕೋಶಗಳು ಇಳಿದಿವೆ, ಇಂಟರ್‌ಲ್ಯೂಕಿನ್-10 ಏರಿದೆ. ಇಂಟರ್‌ಲ್ಯೂಕಿನ್-10 ಅಂದರೆ "ಸಾಕು ನಿಲ್ಲಿಸಿ" ಅನ್ನುವ ಸುದ್ದಿ. ಮೊದಲು ಕಿರುಚಾಟ, ಆಮೇಲೆ ನಿದ್ದೆ.

ಮಂಡ್ಯದ ಮಗ | 5:58

ಅಂಗಾರೆ ಕುಡುದ್ರೆ ನೆಗಡಿ ವಾಸಿಯಾಯ್ತದೆ ಅಂತ ನಮ್ಮಪ್ಪ ಮೆಣಸು ಕುಟ್ಟಾಕಿ ಬ್ರಾಂದಿ ಕೊಡ್ತಿದ್ದುದು?

ಲ್ಯಾಬ್ ಅಕ್ಕ | 6:03

ಮೆಣಸಿನ ಖಾರಕ್ಕೆ ಮೂಗು ಬಿಟ್ಟಿರಬೇಕು. ಬ್ರಾಂದಿಗೆ ನಿದ್ದೆ ಬಂದಿರಬೇಕು.

(ಈ ಸಂದೇಶವನ್ನು ತೆಗೆದುಹಾಕಲಾಗಿದೆ)

ನಿರ್ವಾಹಕ | 6:30

ಮೇಲಿನದು "ಕುಡಿಯುವ ಮುಂಚೆ ಒಂದು ಇಮ್ಯೂನಿಟಿ ಬೂಸ್ಟರ್ ಸ್ಯಾಶೆ" ಮಾರಾಟದ ಕೊಂಡಿ. ಮೂರನೇ ಸಲ. ಖಾತೆ ಮುಚ್ಚಿದೆ.

ಸಂಶಯಪ್ಪ | 6:37

ಧನ್ಯವಾದ ನಿರ್ವಾಹಕರೇ. ಇಂಥವರಿಗಾಗಿಯೇ ಹೇಳ್ತೀನಿ: 2022ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಹ್ಯಾಂಗೋವರ್ ಔಷಧಿಗಳ 21 ಪ್ರಯೋಗಗಳನ್ನು ಒಟ್ಟುಹಾಕಿ ತೂಗಿದರು. ಲವಂಗದ ಸಾರ, ಕೆಂಪು ಜಿನ್ಸೆಂಗ್, ಕೊರಿಯಾದ ಪೇರಳೆ ರಸ, ಅಕ್ಕ ಹೇಳಿದ ಟಾಲ್ಫೆನಾಮಿಕ್ ಆಸಿಡ್ ಎಲ್ಲವೂ ಅದರಲ್ಲಿದ್ದವು. ಎಲ್ಲಾ ಸೇರಿ 386 ಜನ. ಆಧಾರದ ಗುಣಮಟ್ಟ "ತೀರಾ ಕಳಪೆ" ಅಂತ ಬರೆದರು. 21ರಲ್ಲಿ ಎಂಟರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಕ್ಕನ ಮೂರನೇ ಆಧಾರ ನಿಂತಿರೋದು ಈ ನೆಲದ ಮೇಲೆ.

ಲ್ಯಾಬ್ ಅಕ್ಕ | 6:45

ಒಪ್ಪಿದೆ. ಅದಕ್ಕೇ ಅರೆಬರೆ ಅಂದದ್ದು. ಉರಿಯೂತವೇ ಹ್ಯಾಂಗೋವರಿನ ಪೂರಾ ಕಥೆ ಅಂತ ನಾನೂ ಹೇಳಲ್ಲ. ಅಮಲಿನ ನಿದ್ದೆ ನಿದ್ದೆಯೇ ಅಲ್ಲ, ಅದರ ಪಾಲು ಇದೆ. ಹೊಟ್ಟೆಯ ಒಳಪದರ ಕೆರಳಿದ್ದು ಇದೆ. ಆದರೆ "ಜ್ವರದ ಹಾಗಿದೆ, ಜ್ವರ ಇಲ್ಲ" ಅನ್ನೋ ಆ ಭಾಗಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ನನ್ನ ಕೈಯಲ್ಲಿಲ್ಲ.

ಕುಡ್ಲದ ಮೀನು | 7:10

ಹಾಗಾದ್ರೆ ಉರಿಯೂತ ಇಳಿಸುವ ಮಾತ್ರೆಯೇ ತಗೊಂಡ್ರೆ ಆಯ್ತಲ್ಲ? ಮಲಗುವ ಮೊದಲು ಒಂದು ಡೋಲೋ.

ರಾತ್ರಿ ಪಾಳಿ | 7:22

ಇದಕ್ಕೇ ಕಾಯ್ತಿದ್ದೆ. ಡೋಲೋ ಅಂದರೆ ಪ್ಯಾರಾಸಿಟಮಾಲ್, ಉರಿಯೂತ ಇಳಿಸೋದರಲ್ಲಿ ಅದು ದುರ್ಬಲ. ಅದರ ಒಂದು ಸಣ್ಣ ಪಾಲು ಲಿವರಿನಲ್ಲಿ ವಿಷವಾಗಿ ಬದಲಾಗುತ್ತೆ, ಗ್ಲುಟಾಥಯೋನ್ ಅನ್ನೋದು ಆ ವಿಷವನ್ನು ಹಿಡಿದು ಹಾಕುತ್ತೆ. ದಿನಾ ಕುಡಿಯುವವರಲ್ಲಿ ವಿಷ ಮಾಡುವ ಕಿಣ್ವ ಜಾಸ್ತಿ, ಹಿಡಿಯುವ ಗ್ಲುಟಾಥಯೋನ್ ಕಮ್ಮಿ. ಊಟವನ್ನೂ ಬಿಟ್ಟಿದ್ದರೆ ಇನ್ನೂ ಕಮ್ಮಿ. ಅಂಥವರು ತಲೆನೋವು ಇಳಿಯಲಿಲ್ಲ ಅಂತ ಒಂದರ ಮೇಲೊಂದು ನುಂಗಿ ಲಿವರ್ ಹೋಗಿ ನಮ್ಮಲ್ಲಿಗೆ ಬರ್ತಾರೆ. ಆಸ್ಪಿರಿನ್, ಐಬುಪ್ರೊಫೆನ್ ಬೇರೆ ದಾರಿಯಲ್ಲಿ ಕಾಟ: ಮದ್ಯ ಕೆರಳಿಸಿದ ಹೊಟ್ಟೆಯನ್ನು ಅವು ಇನ್ನಷ್ಟು ಕೆರಳಿಸುತ್ತವೆ, ರಕ್ತವಾಂತಿಯವರೆಗೂ ಹೋಗಬಹುದು. ಹೊಟ್ಟೇಲಿ ಮದ್ಯ ಇರುವಾಗ ಯಾವುದೂ ಬೇಡ. ಮರುದಿನ ಏನಾದರೂ ತಿಂದ ಮೇಲೆ, ಹುಣ್ಣು ಅಥವಾ ಲಿವರ್ ತೊಂದರೆ ಇಲ್ಲದವರು, ಡಾಕ್ಟರನ್ನು ಕೇಳಿ ಒಂದು.

ಸುಮ್ಮನೆ ಓದುವವಳು | ರಾತ್ರಿ 9:48

ಇಲ್ಲಿ ಯಾವತ್ತೂ ಬರೆದವಳಲ್ಲ. ನಮ್ಮಣ್ಣ ದಿನಾ ಕುಡೀತಾನೆ. ಬೆಳಗ್ಗೆ ಕೈ ನಡುಗುತ್ತೆ, ಬೆವರುತ್ತೆ, ವಾಕರಿಸ್ತಾನೆ. ಒಂದು ಟೆಟ್ರಾ ಪ್ಯಾಕ್ ಹಾಕಿದರೆ ಸರಿಹೋಗ್ತಾನೆ. "ರಾತ್ರಿಯದ್ದು ಇಳೀಬೇಕು ಅಂದ್ರೆ ಬೆಳಗ್ಗೆ ಸ್ವಲ್ಪ ಬೇಕು" ಅಂತಾನೆ. ಇದೂ ಹ್ಯಾಂಗೋವರಾ?

ರಾತ್ರಿ ಪಾಳಿ | 10:05

ಅಲ್ಲಮ್ಮ. ಹ್ಯಾಂಗೋವರ್ ಒಂದು ರಾತ್ರಿಯದ್ದು, ತಾನಾಗಿ ಹೋಗುತ್ತೆ. ನೀವು ಹೇಳ್ತಿರೋದು ಮದ್ಯ ಇಲ್ಲದೆ ಮೈ ತಡೆಯಲಾರದ ಸ್ಥಿತಿ. ದಯವಿಟ್ಟು ಸಿಟ್ಟಿನಲ್ಲಿ "ಇವತ್ತಿನಿಂದ ಬಿಡು" ಅಂತ ಬಾಟಲಿ ಕಸಿಯಬೇಡಿ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಇಳಿಸ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ಗೆ ಇದಕ್ಕೇ ಬೇರೆ ವಿಭಾಗ ಇದೆ. ದೂರ ಇದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ವಿಭಾಗ. ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಅಣ್ಣನಿಗೆ ಕೆಮ್ಮು ಇದೆಯಾ? ಕೇಳೋದಕ್ಕೆ ಕಾರಣ ಇದೆ. ದಿನಕ್ಕೆ 40 ಗ್ರಾಂಗಿಂತ, ಅಂದರೆ ಸುಮಾರು 120 ಎಂಎಲ್ ವಿಸ್ಕಿಗಿಂತ ಜಾಸ್ತಿ ಕುಡಿಯುವವರಿಗೆ ಕ್ಷಯ ಬರುವ ಸಂಭವ ಉಳಿದವರ ಮೂರರಷ್ಟು. ಒಂದು ರಾತ್ರಿ ಸಡಿಲವಾದ ಕಾವಲು ಮರುದಿನ ಸರಿಹೋಗುತ್ತೆ. ದಿನಾ ಸಡಿಲವಾದರೆ ಒಳಗೆ ಮಲಗಿದ್ದ ರೋಗಾಣು ಏಳುತ್ತೆ.

ಸುಮ್ಮನೆ ಓದುವವಳು | 10:19

ಇದೆ ಸರ್, ತಿಂಗಳ ಮೇಲಾಯ್ತು. ಬೀಡಿ ಕೆಮ್ಮು ಅಂದುಕೊಂಡಿದ್ವಿ. ನಾಳೆ ಕಫ ಪರೀಕ್ಷೆಗೆ ಕರ್ಕೊಂಡು ಹೋಗ್ತೀನಿ.

ಧಾರವಾಡ ಪೇಡೆ | 10:27

ಹೋಗ ತಂಗಿ. ಕೂಡ ಯಾರರ ಗಂಡಸ್ರನ್ನ ಕರ್ಕೊಂಡ ಹೋಗು, ಒಬ್ಬಾಕಿನ ಎಲ್ಲಾ ಹೊರಬ್ಯಾಡ.

ಸಂಶಯಪ್ಪ | ಸೋಮವಾರ ಬೆಳಗ್ಗೆ 8:10

ಮೂಲ ಪ್ರಶ್ನೆ ಹಾಗೇ ಉಳೀತಲ್ಲ. ಸಿಆರ್‌ಪಿ 7.1. ಅಕ್ಕ, ಟ್ಯುಲೇನಿನವರಲ್ಲಿ ವ್ಯತ್ಯಾಸ ಶೇ 40 ಅಂದಿರಿ. ಈ ಹುಡುಗನ ಮಾಮೂಲಿ ಸಿಆರ್‌ಪಿ 1 ಇದ್ದರೆ 1.4 ಆಗಬೇಕಿತ್ತು. 7 ಹೇಗಾಯ್ತು?

ಲ್ಯಾಬ್ ಅಕ್ಕ | 8:52

ರಾತ್ರಿ ಮಲಗುವಾಗ ನನಗೂ ಅದೇ ಹೊಳೀತು. ಇನ್ನೊಂದು ಇದೆ: ಸಿಆರ್‌ಪಿ ಮಾಡೋದು ಲಿವರ್, ಅಪ್ಪಣೆ ಸಿಕ್ಕಿ ಏರೋಕೆ ಆರರಿಂದ ಹನ್ನೆರಡು ಗಂಟೆ, ತುದಿ ಮುಟ್ಟೋಕೆ ಸುಮಾರು ಎರಡು ದಿನ. ಒಂಬತ್ತಕ್ಕೆ ಕುಡಿಯೋಕೆ ಶುರುಮಾಡಿ ಎಂಟಕ್ಕೆ ಏಳರ ಮೇಲೆ ಹೋಗೋದು ಅವಸರವಾಯ್ತು. ನಿದ್ದೆಗಣ್ಣು, ಹಿಂದಿನ ವಾರ ನೆಗಡಿ, ಗಾಯ, ಹಲ್ಲುನೋವು ಏನಾದರೂ ಇತ್ತಾ? ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) ಎಷ್ಟು ಬಂದಿದೆ?

ನಿದ್ದೆಗಣ್ಣು | 9:30

ಟ್ರೈಗ್ಲಿಸರೈಡ್ 268. ಬಲಗಡೆ ಕೊನೆಯ ದವಡೆ ಹಲ್ಲಿನ ಹಿಂದೆ ವಸಡು ಊದಿಕೊಂಡು ಹತ್ತು ದಿನ ಆಯ್ತು. ಪಾರ್ಟೀಲಿ ಎಡಗಡೆಯಲ್ಲೇ ಕಡಲೆಕಾಯಿ ಅಗೀತಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರುತ್ತೆ ಅಂತ ಹೊಳೀಲೇ ಇಲ್ಲ.

ಲ್ಯಾಬ್ ಅಕ್ಕ | 9:36

ಹತ್ತು ದಿನ! ಅಲ್ಲಿದ್ದಾನೆ ನಿನ್ನ ಕಳ್ಳ, ಬಹುಶಃ. ವಿಸ್ಕಿ ಜೊತೆಗಾರ. ಟ್ರೈಗ್ಲಿಸರೈಡ್ ಮಾತ್ರ ಶುಕ್ರವಾರ ರಾತ್ರಿಯದ್ದೇ ಇರಬೇಕು, ಹಿಂದಿನ ರಾತ್ರಿ ಕುಡಿದು ಕೊಟ್ಟ ರಕ್ತದಲ್ಲಿ ಅದು ಏರೋದು ನಾವು ದಿನಾ ನೋಡ್ತೀವಿ. ಹಲ್ಲಿನ ಡಾಕ್ಟರ ಹತ್ತಿರ ಹೋಗು. ಎರಡು ಮೂರು ವಾರ ಬಿಟ್ಟು ಎರಡನ್ನೂ ಮತ್ತೆ ಮಾಡಿಸು, ಅಲ್ಲಿಯವರೆಗೆ ಮುಟ್ಟಬೇಡ.

ನಿದ್ದೆಗಣ್ಣು | ನಾಲ್ಕು ವಾರಗಳ ನಂತರ, ಶನಿವಾರ 12:15

ಹಲ್ಲು ಕೀಳಿಸಿದೆ. ಅಡ್ಡ ಬೆಳೆದಿತ್ತಂತೆ, ಒಳಗೆ ಕೀವು. ಆಮೇಲೆ ಒಂದು ಹನಿ ಕುಡಿದಿಲ್ಲ. ಇವತ್ತು ರಿಪೋರ್ಟ್: ಸಿಆರ್‌ಪಿ 1.9, ಟ್ರೈಗ್ಲಿಸರೈಡ್ 142.

ಸಂಶಯಪ್ಪ | 12:21

ಹಲ್ಲನ್ನೂ ಎಣ್ಣೆಯನ್ನೂ ಒಟ್ಟಿಗೇ ಬಿಟ್ಟೆಯಲ್ಲ ಮಾರಾಯ. ಯಾವುದರಿಂದ ಇಳೀತು ಅಂತ ಈಗ ಹೇಗೆ ಹೇಳೋದು?

ನಿದ್ದೆಗಣ್ಣು | 12:23

ಇನ್ನೊಂದು ಸಲ ಕುಡಿದು ರಕ್ತ ಕೊಟ್ಟು ನೋಡಲಾ?

ಲ್ಯಾಬ್ ಅಕ್ಕ | 12:25

ಒಬ್ಬನೇ ಒಬ್ಬನ ಮೇಲೆ ಪ್ರಯೋಗ, ಅದೂ ಸ್ಕೂಟರಿನಲ್ಲಿ. ಯಾವ ಎಥಿಕ್ಸ್ ಕಮಿಟಿಯೂ ಸಹಿ ಹಾಕಲ್ಲ.

ಧಾರವಾಡ ಪೇಡೆ | 12:40

ಅದ ಇರ್ಲಿ ತಮ್ಮಾ, ಹಲ್ಲ ಕಿತ್ತಾಂವ ಎಷ್ಟ ತಗೊಂಡ? ನಂದೂ ಒಂದ ಅಲಗಾಡಾಕ್ಹತ್ತೈತಿ.